ನೂರಾ ಹದಿನೈದು

ಬಿಸ್ಕೀಟಿನ ತಗಡಿನ ಡಬ್ಬಿ. ಅಂಚಿಗೆ ತುಕ್ಕು.
ಒಳಗೆ ಬೇವಿನೆಲೆ, ಪುಡಿಯಾದ ಲವಂಗ,
ಅವುಗಳ ಕೆಳಗೆ ಮಡಿಕೆ ಬಿಚ್ಚದೆ ಮಲಗಿದ ಕಾಗದ.
ಹಲೀಮಾಬಿ ಸೆರಗಿನ ತುದಿಯಿಂದ ಮುಚ್ಚಳ ಒರೆಸಿ
ನನ್ನತ್ತ ಸರಿಸಿದರು:
"ನಿನ್ನ ಮಷೀನಿನ ಬೆಳಕು ಸುಡಂಗಿಲ್ಲಲ್ಲ, ಬೇಟಿ?"

ಸುಡಂಗಿಲ್ಲ ಅಂದೆ. ಗಾಜಿನ ಮೇಲೆ ಅಂಗೈ ಇಟ್ಟು ತೋರಿಸಿದೆ.
ಬೆಳಕು ಕೆಳಗಿಂದ ಹಾದು ಹೋಯಿತು,
ಪರದೆಯ ಮೇಲೆ ನನ್ನ ಗೆರೆಗಳೆಲ್ಲ ಬಂದು ಕೂತವು.
ಸೊಸೆ ಸುಸಲಾ ತಂದಿಟ್ಟಳು.
ಎಣ್ಣೆಗೈ ದೂರ ಇಡು ಅಂತ ಮೊಮ್ಮಗ ಗದರಿದ.
"ಯಾರ ಪೈಕಿ ನೀನು?"
ಇದೇ ಹುಮನಾಬಾದ, ಗಾಣದ ಓಣಿ ಅಂದೆ. ಅಡ್ಡಹೆಸರೂ ಹೇಳಿದೆ.
ಅವರು ಎಲೆಯಡಿಕೆ ಚೀಲ ಬಿಚ್ಚಿದರು.
ಏನೂ ತೆಗೆಯದೆ ಮತ್ತೆ ಕಟ್ಟಿದರು.

ಮೊದಲಿಗೆ ಬಂದದ್ದು ಲೆಕ್ಕ. ಅಪ್ಪ ದರ್ಜಿ.
ಫಸಲಿ ಹದಿಮೂರು ನೂರಾ ಐವತ್ತೇಳು,
ಶೇರವಾನಿ ಒಂದು, ಹಾಲಿ ಸಿಕ್ಕಾ ರೂಪಾಯಿ ಎರಡು,
ಬಾಕಿ, ಬಾಕಿ, ಬಾಕಿ.
ಮೋಯಿನ್ ಓದುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ.
ನನಗೆ ಆ ಲಿಪಿ ಬರದು.
ಬಲದಿಂದ ಎಡಕ್ಕೆ ಹರಿವ ಕರಿ ಹಳ್ಳ, ಅಷ್ಟೆ.

ಎಂಬತ್ತೊಂದು: ಊರು ಬಿಡುವ ರಾತ್ರಿ ಬರೆದ ಪಟ್ಟಿ.
ಹೊಲಿಗೆ ಮಷೀನು, ತಾಮ್ರದ ಹಂಡೆ, ಆಡು ನಾಕು,
ಎದುರು ಮನೆ ವೈಜಿನಾಥಪ್ಪನ ವಶ.
ಕೆಳಗೆ ಮೋಡಿಯಲ್ಲಿ ವೈಜಿನಾಥಪ್ಪನ ರುಜು.
ಅದರ ಕೆಳಗೆ ಆರು ತಿಂಗಳ ಮೇಲಿನ ಬೇರೆ ಶಾಯಿ:
ಎಲ್ಲಾ ಮುಟ್ಟಿತು. ಆಡು ಐದು.
ಮೋಯಿನ್ ನಕ್ಕ. ಹಲೀಮಾಬಿ ನಗಲಿಲ್ಲ:
"ಐದನೇದು ನಂದು. ಅದರ ಕೂಡ ಮಲಗತಿದ್ದೆ."

ನೂರಾ ಹದಿನಾಲ್ಕು ಸಣ್ಣ ಚೀಟಿ. ದೊಡ್ಡಪ್ಪನ ಅಕ್ಷರ,
ರಜಾಕಾರರ ಖಾಕಿ ತೊಟ್ಟವನದು.
ಗಾಣದ ಓಣಿಯಿಂದ ಚಂದಾ ಬಂದದ್ದು:
ಎಣ್ಣೆ ಮೂರು ಡಬ್ಬಿ, ಬೆಳ್ಳಿ ಬಳೆ ಎರಡು ಜೊತೆ.
"ಬಳಿ ಯಾರರ ತಾವಾಗೇ ಬಿಚ್ಚಿ ಕೊಡ್ತಾರ?
ಇದು ತಗೋ. ಚೆಂದಾಗಿ ತಗೋ.
ನಮ್ಮದು ಅದ, ಕಾಣಲಿ."

ಮುಂದಿನದು ನಾಕು ಮಡಿಕೆ,
ಬಿಳಿ ದಾರದಿಂದ ಅಂಚು ಹೊಲಿದದ್ದು, ದರ್ಜಿಯ ಕೈ.
ಮೋಯಿನ್ ದಾರ ಬಿಡಿಸಿದ. ಮೊದಲ ಸಾಲು ಜೋರಾಗಿ ಓದಿದ:
"ಪಂಜು ಹಿಡಿದು ಬಂದವರಲ್ಲಿ ನಾನು ಕಣ್ಣಾರೆ ಗುರುತಿಸಿದವರು"
ಆಮೇಲೆ ತುಟಿ ಮಾತ್ರ ಅಲ್ಲಾಡಿದವು.
ಆಮೇಲೆ ಅವೂ ನಿಂತವು.
ಕಾಗದ ಕೆಳಗಿಟ್ಟು ನೀರು ಕೇಳಿದ.

"ಅದು ಬ್ಯಾಡ," ಅಂದರು ಹಲೀಮಾಬಿ.
"ಅವರ ಮಕ್ಕಳ ಮಕ್ಕಳು ಇಲ್ಲೇ ಅಡ್ಡಾಡ್ತಾರ.
ಒಬ್ಬಾವ ನಂಗ ಗ್ಯಾಸಿನ ಸಿಲಿಂಡರ್ ಹೊತ್ತು ತಂದು ಕೊಡತಾನ.
ಒಬ್ಬಾಕಿ..."
ಮಾತು ಅಲ್ಲಿಗೇ ಬಿಟ್ಟು ತಟ್ಟೆ ನನ್ನ ಕಡೆ ಸರಿಸಿದರು.
"ತಿನ್ನು. ಆರಲತ್ತದ."

ಕೇಳಬಹುದಿತ್ತು.
ವಾಪಸು ಬರುವಾಗ ಮೋಯಿನ್‌ನ ಗಾಡಿಯ ಹಿಂದೆ ಕೂತಾಗಲೂ ಕೇಳಬಹುದಿತ್ತು.
ಅವನು ತೊಗರಿ ರೇಟಿನ ಮಾತಾಡಿದ.
ನಾನೂ ತೊಗರಿ ರೇಟಿನ ಮಾತಾಡಿದೆ.

ರಾತ್ರಿ ಕಡತಗಳಿಗೆ ಹೆಸರು ಕೊಡುತ್ತ ಕೂತೆ.
ನೂರಾ ಹದಿನಾಲ್ಕು. ನೂರಾ ಹದಿನಾರು.
ನಡುವಿನ ಖಾನೆಯಲ್ಲಿ ಏನು ಬರೆಯಲಿ?
ಕಳೆದಿದೆ ಅಂದರೆ ಸುಳ್ಳು. ಹುಳ ತಿಂದಿದೆ ಅಂದರೆ ಇನ್ನೂ ದೊಡ್ಡ ಸುಳ್ಳು.
"ಇದೆ. ಮನೆಯವರ ಹತ್ತಿರ ಇದೆ," ಎಂದು ಬರೆದೆ.

ಆಮೇಲೆ ಮೊಬೈಲಿನಲ್ಲಿ ಉರ್ದು ಅಕ್ಷರಗಳನ್ನು ತೆರೆದು
ನಮ್ಮ ಅಡ್ಡಹೆಸರು ಬರೆದು ನೋಡಿದೆ.
ಮೂರನೇ ಸಾಲಿನ ಒಂದು ಆಕಾರ ಇನ್ನೂ ಕಣ್ಣಲ್ಲಿತ್ತು.
ಹೋಲುತ್ತಿತ್ತು.
ಲಿಪಿ ಬರದವಳಿಗೆ ಎಲ್ಲವೂ ಎಲ್ಲವನ್ನೂ ಹೋಲುತ್ತವೆ.

ನೂರಾ ಹದಿನಾರು, ಹಲೀಮಾಬಿಯ ಶಾಲೆಯ ರಸೀದಿ.
ಮೂಲೆಯಲ್ಲಿ ಕರಿ ಚುಕ್ಕೆ,
ಗಾಜಿಗೆ ಅಂಟಿದ್ದ ಲವಂಗದ ಪುಡಿ.
ಒರೆಸಿ ಮತ್ತೆ ತೆಗೆಯಬೇಕಿತ್ತು, ನಿಯಮ ಹಾಗಿದೆ.
ಹಂಗೇ ಬಿಟ್ಟೆ.